ಸೆಲ್ಫು, ಸ್ಪೇರು, ಸಹಿ

ನಮ್ಮ ಮೆಕ್ಯಾನಿಕ್‌ಗಳಷ್ಟು ಸಲೀಸಾಗಿ ‘ಸೆಲ್ಫ್’ ಎಂಬ ಪದ ಬಳಸುವವರು ಯಾವ ಯೂನಿವರ್ಸಿಟಿಯ ತತ್ವಶಾಸ್ತ್ರ ವಿಭಾಗದಲ್ಲೂ ಸಿಗಲಿಕ್ಕಿಲ್ಲ. ‘ಸೆಲ್ಫ್ ತಗೊಳ್ತಿಲ್ಲ’, ‘ಸೆಲ್ಫ್ ಬಿಚ್ಚಬೇಕು’, ‘ಸೆಲ್ಫ್ ಸುಟ್ಟೋಗಿದೆ, ಬೇರೆ ಹಾಕಿ’. ಸಾವಿರಾರು ವರ್ಷ ಋಷಿಮುನಿಗಳು ತಲೆ ಕೆಡಿಸಿಕೊಂಡ ವಿಷಯವನ್ನು ಇವರು ಒಂದು ಸ್ಪ್ಯಾನರ್ ಹಿಡಿದು ಬಿಚ್ಚಿ ನಮ್ಮ ಕೈಗೇ ಕೊಟ್ಟುಬಿಡುತ್ತಾರೆ. ಇಂಗ್ಲಿಷಿನ ಸೆಲ್ಫ್ ಸ್ಟಾರ್ಟರ್ ನಮ್ಮ ಗ್ಯಾರೇಜುಗಳಿಗೆ ಬರುವಷ್ಟರಲ್ಲಿ ಬಾಲ ಕಳಕೊಂಡು ಬರೀ ಸೆಲ್ಫ್ ಆಗಿ ಉಳಿದಿದೆ.

ಹೆಸರಿಗೆ ಸೆಲ್ಫ್, ಆದರೆ ಅದರ ಕಥೆಯೆಲ್ಲ ಪರಾವಲಂಬನೆಯದ್ದೇ. ಎಂಜಿನ್ನಿಗೆ ತಾನಾಗಿ ಶುರುವಾಗಲು ಬರುವುದಿಲ್ಲ. ಗಾಳಿ ಎಳೆದುಕೊಳ್ಳಬೇಕು, ಒತ್ತಬೇಕು, ಆಮೇಲೆ ಬೆಂಕಿ ಹತ್ತಬೇಕು. ಇದಕ್ಕೆಲ್ಲ ಅದು ಮೊದಲೇ ತಿರುಗುತ್ತಿರಬೇಕು. ಅಂದರೆ ಆ ಮೊದಲನೇ ಸುತ್ತನ್ನು ಬೇರೆ ಯಾರಾದರೂ ತಿರುಗಿಸಿಕೊಡಬೇಕು. ಹಳ್ಳಿಯಲ್ಲಿ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹೊಡೆಯುವುದನ್ನು ನೋಡಿದವರಿಗೆ ಇದು ಗೊತ್ತು. ಹಿಂದಿನ ಕಾಲದ ಕಾರುಗಳಿಗೂ ಮುಂದೆ ನಿಂತು ಹೀಗೇ ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಇದಕ್ಕೆ ದಾರಿ ಹುಡುಕಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅಂಗಡಿಗಳ ಕ್ಯಾಶ್ ರಿಜಿಸ್ಟರ್‌ಗೆ ಸಣ್ಣ ಎಲೆಕ್ಟ್ರಿಕ್ ಮೋಟರ್ ಕೂರಿಸಿದ್ದ ಅನುಭವ ಅವನಿಗಿತ್ತು. ಮೋಟರು ಇಡೀ ದಿನ ದುಡಿಯಬೇಕಾಗಿಲ್ಲ, ಕೆಲವೇ ಸೆಕೆಂಡು ಮೈಮೀರಿ ದುಡಿದರೆ ಸಾಕು ಅಂತ ಅವನಿಗೆ ಹೊಳೆಯಿತು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಇವತ್ತಿನ ಸೆಲ್ಫೂ ಅದೇ ಜಾತಿಯದ್ದು. ಕೀ ತಿರುಗಿಸಿದರೆ ಸೊಲನಾಯ್ಡ್ ಒಂದು ಪುಟ್ಟ ಹಲ್ಲಿನ ಚಕ್ರವನ್ನು ಮುಂದೆ ತಳ್ಳುತ್ತದೆ, ಅದು ಫ್ಲೈವೀಲಿನ ದೊಡ್ಡ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ, ಬ್ಯಾಟರಿಯಿಂದ ನೂರಾರು ಆಂಪಿಯರ್ ಕರೆಂಟು ಎಳೆದು ಎಂಜಿನ್ನನ್ನು ಒಂದೆರಡು ಸೆಕೆಂಡು ತಿರುಗಿಸಿ, ಹಿಂದೆ ಸರಿದು ಸುಮ್ಮನಾಗುತ್ತದೆ.

ವಿಮಾನದಲ್ಲಿ ಈ ಸರಪಳಿ ಇನ್ನೂ ಉದ್ದ. ಸಾಮಾನ್ಯವಾಗಿ ಬ್ಯಾಟರಿ ಮೊದಲು ಬಾಲದಲ್ಲಿರುವ ಸಣ್ಣದೊಂದು ಎಂಜಿನ್ನನ್ನು, ಅಂದರೆ ಎಪಿಯುವನ್ನು, ಎಬ್ಬಿಸುತ್ತದೆ. ಎಪಿಯು ಒತ್ತಡದ ಗಾಳಿಯನ್ನು ರೆಕ್ಕೆಯ ಕೆಳಗಿನ ಎಂಜಿನ್ನಿಗೆ ಕಳಿಸುತ್ತದೆ. ಅಲ್ಲಿರುವ ಏರ್ ಸ್ಟಾರ್ಟರಿನ ಟರ್ಬೈನು ಆ ಗಾಳಿಗೆ ತಿರುಗಿ, ಗೇರುಗಳ ಮೂಲಕ ಎಂಜಿನ್ನಿನ ಒಳತಿರುಳನ್ನು ತಿರುಗಿಸುತ್ತದೆ. ಸಾಕಷ್ಟು ವೇಗ ಬಂದ ಮೇಲೆ ಇಂಧನ, ಕಿಡಿ. ಬೋಯಿಂಗ್ 787ರಲ್ಲಿ ಗಾಳಿಯ ಬದಲು ಎಲೆಕ್ಟ್ರಿಕ್ ಸ್ಟಾರ್ಟರ್ ಜನರೇಟರ್ ಇದೆ. ವಿಧಾನ ಯಾವುದೇ ಇರಲಿ, ಒಬ್ಬರನ್ನು ಇನ್ನೊಬ್ಬರು ಎಬ್ಬಿಸಬೇಕು. ಒಂದು ಮನೆಯಲ್ಲಿ ಅಜ್ಜಿ ಎದ್ದು ಅಮ್ಮನನ್ನು, ಅಮ್ಮ ಎದ್ದು ಮಕ್ಕಳನ್ನು ಎಬ್ಬಿಸಿದ ಹಾಗೆ.

ಬೌದ್ಧರ ಮಿಲಿಂದಪನ್ಹದಲ್ಲಿ ಗ್ರೀಕ್ ರಾಜ ಮಿಲಿಂದ, ಭಿಕ್ಷು ನಾಗಸೇನನ ಹತ್ತಿರ ಬರುತ್ತಾನೆ. ಹೇಗೆ ಬಂದೆ ಅಂತ ನಾಗಸೇನ ಕೇಳಿದರೆ ರಥದಲ್ಲಿ ಅನ್ನುತ್ತಾನೆ ರಾಜ. ರಥ ಅಂದರೆ ಯಾವುದು? ಗಾಲಿಯಾ, ಅಚ್ಚಾ, ನೊಗವಾ? ಒಂದೊಂದಕ್ಕೂ ರಾಜ ಅಲ್ಲ ಅನ್ನಬೇಕಾಗುತ್ತದೆ. ಇವೆಲ್ಲ ಸೇರಿದಾಗ ನಾವು ಕೊಟ್ಟುಕೊಂಡ ಹೆಸರು ಮಾತ್ರ ರಥ. ‘ನಾನು’ ಅನ್ನೋದೂ ಹಾಗೆಯೇ ಅಂತ ನಾಗಸೇನ ತೋರಿಸುತ್ತಾನೆ. ನಮ್ಮ ಮೆಕ್ಯಾನಿಕ್ ಅಲ್ಲಿದ್ದಿದ್ದರೆ ಒಪ್ಪಿ ತಲೆಯಾಡಿಸುತ್ತಿದ್ದ. ಆಮೇಲೆ ನಾಗಸೇನ ಕೇಳದ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದ: ‘ಅಚ್ಚು ಸವೆದಿದೆ ಸ್ವಾಮಿ. ಬದಲಾಯಿಸ್ಬೇಕು. ಒರಿಜಿನಲ್ ಹಾಕ್ಲಾ, ಲೋಕಲ್ ಹಾಕ್ಲಾ?’

ನನಗೆ ಈ ಪ್ರಶ್ನೆ ನಾಗಸೇನನ ಪ್ರಶ್ನೆಗಿಂತ ಕಷ್ಟದ್ದು ಅನ್ನಿಸುತ್ತದೆ. ಭಾಗಗಳೇ ವಾಹನ ಅನ್ನೋದಾದರೆ, ಒಂದು ಭಾಗ ಅಸಲಿ ಆಗೋದು ಯಾವುದರಿಂದ? ನಕಲಿ ಭಾಗ ಮಾಡಿ ಮಾರಿದವನು ಮಾಡಿದ ತಪ್ಪು ಸರಿಯಾಗಿ ಯಾವುದು?

ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಈ ಪ್ರಶ್ನೆಗೆ ಕೌಂಟರಿನ ಮೇಲೇ ಉತ್ತರ ಇಡುತ್ತಾರೆ. ಮೊದಲನೆಯದು ವಾಹನ ಕಂಪನಿಯ ಡಬ್ಬಿಯಲ್ಲಿ ಬರೋದು. ಎರಡನೆಯದು, ಆ ಕಂಪನಿಗೆ ಭಾಗ ಮಾಡಿಕೊಡುವ ತಯಾರಕನೇ ತನ್ನ ಸ್ವಂತ ಹೆಸರಿನ ಡಬ್ಬಿಯಲ್ಲಿ ಮಾರೋದು. ಮೂರನೆಯದು ಲೋಕಲ್. ‘ಸಾರ್, ಇದಕ್ಕೆ ಗ್ಯಾರಂಟಿ ಇಲ್ಲ. ಓಡಿದ್ರೆ ಓಡ್ತು’ ಅಂತ ಕೊಡುವವನೇ ಹೇಳುತ್ತಾನೆ. ನಾಲ್ಕನೆಯದು ಮಾತ್ರ ತನ್ನ ಹೆಸರು ತಾನು ಹೇಳೋದಿಲ್ಲ. ಒಳಗಿರೋದು ಮೂರನೆಯದು, ಹೊರಗಿನ ಡಬ್ಬಿ ಮಾತ್ರ ಮೊದಲನೆಯದು.

ಮೂರನೆಯದಕ್ಕೂ ನಾಲ್ಕನೆಯದಕ್ಕೂ ಲೋಹದಲ್ಲಿ ಏನೂ ವ್ಯತ್ಯಾಸ ಇಲ್ಲದೆ ಇರಬಹುದು, ಒಂದೇ ಶೆಡ್ಡಿನಲ್ಲಿ ಒಂದೇ ಅಚ್ಚಿನಿಂದ ಬಂದಿರಬಹುದು. ಹಾಗಿದ್ದೂ ಮೂರನೆಯದನ್ನು ಮಾರುವವನನ್ನು ನಾವು ಕಳ್ಳ ಅನ್ನೋದಿಲ್ಲ. ಅವನು ನಿಮ್ಮ ದುಡ್ಡಿಗೆ ತಕ್ಕ ಮಾಲು ಕೊಟ್ಟ, ಅದು ಎಂಥದು ಅಂತಲೂ ಹೇಳಿದ, ತೀರ್ಮಾನ ನಿಮಗೆ ಬಿಟ್ಟ. ನಾಲ್ಕನೆಯವನು ನಿಮ್ಮ ತೀರ್ಮಾನವನ್ನೇ ಕದ್ದ. ದುಡ್ಡು ಹೋಗಿದ್ದು ಆಮೇಲಿನ ಮಾತು. ಎಷ್ಟು ಅಪಾಯ ಹೊರಬೇಕು ಅನ್ನೋದನ್ನು ನಿಮ್ಮ ಬದಲು ಅವನೇ ನಿರ್ಧರಿಸಿ, ಅದನ್ನು ನಿಮ್ಮಿಂದ ಮುಚ್ಚಿಟ್ಟ.

ಇಲ್ಲಿಗೆ ಲೆಕ್ಕ ಮುಗಿಯಿತು ಅನ್ನಬಹುದಿತ್ತು: ನಿಜ ಹೇಳಿ ಮಾರಿದರೆ ಸರಿ, ಸುಳ್ಳು ಹೇಳಿದರೆ ತಪ್ಪು. ಐಟಿ ಸ್ನೇಹಿತರ ನಡುವೆ ಈ ಮಾತು ಎತ್ತಿದರೆ ಹೆಚ್ಚಿನವರು ಇದನ್ನೂ ಒಪ್ಪೋದಿಲ್ಲ. ‘ಒರಿಜಿನಲ್ ಬಿಟ್ಟು ಬೇರೇನೂ ಮಾರಲೇಬಾರದು, ಸೇಫ್ಟಿ ಕಣಪ್ಪ’ ಅಂತಾರೆ. ಸಂಬಳದ ಜನಕ್ಕೆ ಹೀಗನ್ನೋದು ಸುಲಭ. ನಮ್ಮಣ್ಣನ ಟ್ರ್ಯಾಕ್ಟರಿನ ಸೆಲ್ಫ್ ಕೈಕೊಟ್ಟಾಗ ನಾನೂ ಫೋನಿನಲ್ಲಿ ಅದನ್ನೇ ಹೇಳಿದೆ: ‘ಶೋರೂಮಿಂದ ಹೊಸದು ಹಾಕ್ಸಣ್ಣ, ನಾನು ದುಡ್ಡು ಕಳಿಸ್ತೀನಿ.’ ಅವನು ಒಪ್ಪಲಿಲ್ಲ. ಪೇಟೆಯ ವೈಂಡಿಂಗ್ ಅಂಗಡಿಗೆ ಕೊಟ್ಟು ಹೊಸದರ ಬೆಲೆಯ ಒಂದು ಪಾಲಿನಲ್ಲಿ ರಿಪೇರಿ ಮಾಡಿಸಿದ. ‘ಸೆಲ್ಫ್ ಹೋದ್ರೆ ದಿಬ್ಬದ ಮೇಲೆ ನಿಲ್ಲಿಸ್ತೀನಿ ಕಣೋ, ಇಳಿಜಾರಲ್ಲಿ ಬಿಟ್ಟು ಗೇರಿಗೆ ಹಾಕಿದ್ರೆ ಎದ್ದೇಳುತ್ತೆ. ಬ್ರೇಕ್ ಹೋದ್ರೆ ಎಲ್ಲಿ ನಿಲ್ಲಿಸ್ಲಿ? ನಿನ್ ದುಡ್ಡಲ್ಲಿ ಬ್ರೇಕ್ ಮಾಡಿಸ್ತೀನಿ, ಕಳ್ಸು’ ಅಂದ.

ಅವನ ಮಾತಿನಲ್ಲಿ ಒಂದು ನೀತಿಶಾಸ್ತ್ರವೇ ಇದೆ. ಎಲ್ಲ ಭಾಗಗಳೂ ಒಂದೇ ತೂಕದವಲ್ಲ. ಸೆಲ್ಫ್ ಕೆಟ್ಟರೆ ವಾಹನ ನಿಂತಲ್ಲೇ ನಿಲ್ಲುತ್ತದೆ, ತೊಂದರೆ ಬಹುಪಾಲು ಮಾಲೀಕನಿಗೆ. ಬ್ರೇಕ್ ಕೆಟ್ಟರೆ ವಾಹನ ನಿಲ್ಲೋದಿಲ್ಲ, ಎದುರಿಗೆ ಸಿಕ್ಕವರ ಗತಿ ಏನು? ತನಗೆ ಬರುವ ತೊಂದರೆಯನ್ನು ತಾನು ಒಪ್ಪಿಕೊಳ್ಳುವ ಹಕ್ಕು ಅವನಿಗಿದೆ. ರಸ್ತೆ ದಾಟುವ ಮಗುವಿನ ಪರವಾಗಿ ಒಪ್ಪಿಕೊಳ್ಳುವ ಹಕ್ಕು ಅವನಿಗಿಲ್ಲ. ಲೋಕಲ್ ಬ್ರೇಕ್ ಪ್ಯಾಡನ್ನು ‘ಇದು ಲೋಕಲ್’ ಅಂತ ಪ್ರಾಮಾಣಿಕವಾಗಿ ಹೇಳಿಯೇ ಮಾರಿದರೂ, ಆ ಪ್ರಾಮಾಣಿಕತೆ ತಲುಪಿದ್ದು ಕೊಂಡವನಿಗೆ ಮಾತ್ರ. ಮಗುವಿಗೆ ಯಾರೂ ಹೇಳಿಲ್ಲ. ಆದ್ದರಿಂದ ನಿಜ ಹೇಳಿದರೆ ಸಾಕು ಅನ್ನುವ ಮೊದಲ ಸೂತ್ರ ಸೆಲ್ಫಿಗೆ ನಡೆಯುತ್ತದೆ, ಬ್ರೇಕಿಗೆ ನಡೆಯೋದಿಲ್ಲ.

ಅವತ್ತು ಇನ್ನೊಂದು ಮಾತನ್ನೂ ಕೇಳಿದೆ: ‘ಟ್ರೈಲರಿನ ಹಿಂದೆ ರಿಫ್ಲೆಕ್ಟರ್ ಹಾಕ್ಸಿದ್ಯಾ?’ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಹಾಕ್ಸ್ಬೇಕು’ ಅಂದ. ರಿಫ್ಲೆಕ್ಟರ್ ಇಲ್ಲದಿದ್ದರೆ ಟ್ರ್ಯಾಕ್ಟರಿಗೆ ಏನೂ ಆಗೋದಿಲ್ಲ, ಅದು ಚೆನ್ನಾಗೇ ಓಡುತ್ತದೆ. ತೊಂದರೆ ಆಗೋದು ಕತ್ತಲೆಯಲ್ಲಿ ಹಿಂದಿನಿಂದ ಬೈಕಿನಲ್ಲಿ ಬರುವ ಯಾರಿಗೋ. ನಮ್ಮ ಕಣ್ಣಿಗೆ ಬೀಳದವರ ಅಪಾಯವೇ ನಮ್ಮ ಪಟ್ಟಿಯಲ್ಲಿ ಯಾವಾಗಲೂ ಕೊನೆಗೆ ಹೋಗೋದು. ಇದರಲ್ಲಿ ಅಣ್ಣನನ್ನು ಬೇರೆ ಮಾಡಿ ನೋಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಪೊಲೀಸರಿಗೆ ತೋರಿಸಲೆಂದೇ ಟೋಪಿಯಂಥ ಹೆಲ್ಮೆಟ್ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವವರಲ್ಲಿ ನಮ್ಮಂಥ ಓದಿದವರೂ ಇದ್ದಾರೆ. 2021ರ ಜೂನ್ 1ರಿಂದ ಬಿಐಎಸ್ ಪ್ರಮಾಣಿತ ಹೆಲ್ಮೆಟ್ ಮಾತ್ರ ಮಾರಬೇಕೆಂಬ ನಿಯಮ ಬಂದಿದೆ. ಫುಟ್‌ಪಾತಿನಲ್ಲಿ ಮಾತ್ರ ಐಎಸ್‌ಐ ಗುರುತು ಸ್ಟಿಕ್ಕರಿನ ರೂಪದಲ್ಲಿ ಧಾರಾಳವಾಗಿ ಸಿಗುತ್ತದೆ. ಆಯುಧಪೂಜೆಯ ದಿನ ಗಾಡಿ ತೊಳೆದು, ಹೂ ಏರಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ನಿಂಬೆಹಣ್ಣು ಪಾಪ, ಬ್ರೇಕ್ ಪ್ಯಾಡ್ ಯಾವ ಅಂಗಡಿಯದ್ದು ಅಂತ ಕೇಳೋದಿಲ್ಲ.

ಈಗ ‘ಒರಿಜಿನಲ್ ಮಾತ್ರ’ ಎಂಬ ವಾದದ ಇನ್ನೊಂದು ಮಗ್ಗುಲು ನೋಡೋಣ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳು ಮತ್ತು ರಿಪೇರಿಯ ತಾಂತ್ರಿಕ ಮಾಹಿತಿ ಮುಕ್ತ ಮಾರುಕಟ್ಟೆಯಲ್ಲಿ, ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಅಂತ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಕಥೆ. ನಮಗಿಲ್ಲಿ ಬೇಕಾದ್ದು ವಾದದ ಸ್ವರೂಪ. ‘ಬೇರೆಯವರ ಕೈಗೆ ಕೊಟ್ಟರೆ ಸುರಕ್ಷತೆ ಹಾಳಾಗುತ್ತದೆ’ ಅನ್ನುವ ಮಾತು ಕೆಲವು ಸಲ ನಿಜ, ಕೆಲವು ಸಲ ಬೀಗ. ಭಾಗ ಮಾಡಿದ ತಯಾರಕ ತನ್ನದೇ ಡಬ್ಬಿಯಲ್ಲಿ ಮಾರಲಿಕ್ಕೆ ಹೋದರೂ ಅಡ್ಡಿಯಾದರೆ ಅಲ್ಲಿ ಕಾಪಾಡುತ್ತಿರೋದು ಪ್ರಾಣವನ್ನಾ, ಲಾಭವನ್ನಾ? 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಅಂತ ಶುರು ಮಾಡಿದಾಗ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ವಾಹನಗಳೂ ಇದ್ದವು, ಕೃಷಿ ಯಂತ್ರಗಳೂ ಇದ್ದವು. ರಿಪೇರಿ ಮಾಡಿಸಿಕೊಳ್ಳೋದು ಒಂದು ಹಕ್ಕು ಅನ್ನುವುದು ವೈಂಡಿಂಗ್ ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತ ರೈತನಿಗೆ ಹೊಸ ವಿಷಯವೇನಲ್ಲ.

ಆ ಅಂಗಡಿಯ ಕೆಲಸವನ್ನು ನಿಂತು ನೋಡಿದ್ದೇನೆ. ಯಜಮಾನರು ಸೆಲ್ಫನ್ನು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದರು. ಕಾರ್ಬನ್ ಬ್ರಶ್ ಎಷ್ಟು ಸವೆದಿದೆ ಅಂತ ಹೊಸದರ ಪಕ್ಕ ಇಟ್ಟು ತೋರಿಸಿದರು. ಬುಶ್ಶಿನಲ್ಲಿ ಎಷ್ಟು ಆಟ ಇದೆ ಅಂತ ಶಾಫ್ಟನ್ನು ಅಣ್ಣನ ಕೈಯಲ್ಲೇ ಅಲ್ಲಾಡಿಸಿದರು. ಆರ್ಮೆಚರನ್ನು ಟೆಸ್ಟರ್ ಮೇಲೆ ಇಟ್ಟು ತಿರುಗಿಸಿದರು. ಕೆಲಸ ಮುಗಿದ ಮೇಲೆ ಹಳೆಯ ಬ್ರಶ್ಶು, ಬುಶ್ಶು ಎಲ್ಲ ಒಂದು ಪೇಪರಿನಲ್ಲಿ ಸುತ್ತಿ ವಾಪಸ್ ಕೊಟ್ಟರು. ಆ ಪೊಟ್ಟಣದಿಂದ ಯಾರಿಗೂ ಏನೂ ಉಪಯೋಗವಿಲ್ಲ. ಆದರೂ ಕೊಡೋದು ಪದ್ಧತಿ, ‘ಬದಲಾಯಿಸಿದ್ದೀನಿ ಅಂದಿದ್ದು ನಿಜ, ನೋಡ್ಕೋ’ ಅಂತ. ಬಿಲ್ ಇಲ್ಲ, ಹೊಲೊಗ್ರಾಂ ಇಲ್ಲ. ಆದರೆ ಅಲ್ಲಿ ಮೋಸಕ್ಕೆ ಜಾಗ ಕಡಿಮೆ, ಯಾಕಂದರೆ ವಸ್ತುವೇ ಸಾಕ್ಷಿ ಹೇಳುತ್ತಿದೆ, ಸಾಕ್ಷಿ ಕೇಳೋನು ಎದುರಿಗೇ ನಿಂತಿದ್ದಾನೆ.

ಎಲ್ಲ ವಸ್ತುಗಳೂ ಹೀಗೆ ಬಾಯಿ ಬಿಡೋದಿಲ್ಲ. ಜೆಟ್ ಎಂಜಿನ್ನಿನೊಳಗೆ ಅತಿ ವೇಗದಲ್ಲಿ ತಿರುಗುವ ಟರ್ಬೈನ್ ಡಿಸ್ಕ್ ಇರುತ್ತದೆ. ಅದು ಇಂತಿಷ್ಟು ಸೈಕಲ್ ಓಡಬಹುದು ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಸೈಕಲ್ ಅಂದರೆ ಹೆಚ್ಚುಕಡಿಮೆ ಒಂದು ಸಲ ಹತ್ತಿ ಇಳಿದಂತೆ. ಅಷ್ಟು ಮುಗಿದ ಮೇಲೆ ನೋಡಲಿಕ್ಕೆ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಬೇಕು. ಲೋಹದ ದಣಿವು ಕಣ್ಣಿಗೆ ಕಾಣೋದಿಲ್ಲ. ಎರಡು ಡಿಸ್ಕುಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಹೊಸದು, ಯಾವುದು ಆಯಸ್ಸು ಮುಗಿದದ್ದು ಅಂತ ಬೆರಳಲ್ಲಿ ತಟ್ಟಿ ಹೇಳಲಾಗದು. ಅವುಗಳ ವ್ಯತ್ಯಾಸ ಇರೋದು ಚರಿತ್ರೆಯಲ್ಲಿ, ಆ ಚರಿತ್ರೆ ಇರೋದು ಕಾಗದದಲ್ಲಿ. ಅದಕ್ಕೇ ವಿಮಾನದ ಭಾಗಗಳ ಜೊತೆ ಒಂದು ಬಿಡುಗಡೆ ಪತ್ರ ಓಡಾಡುತ್ತದೆ. ಅಮೆರಿಕದಲ್ಲಿ ಎಫ್‌ಎಎ 8130-3, ಯುರೋಪಿನಲ್ಲಿ ಈಸಾ ಫಾರ್ಮ್ 1, ನಮ್ಮ ಡಿಜಿಸಿಎಯ ಸಿಎ ಫಾರ್ಮ್ 1. ಇಂಥ ಭಾಗಕ್ಕೆ ಹುಟ್ಟಿದಾಗಿನಿಂದ ದಾಖಲೆ ಇರಬೇಕು. ಕಾಗದ ಕಳೆದುಹೋದರೆ ಫಳಫಳ ಹೊಳೆಯುವ ಡಿಸ್ಕ್ ಕೂಡ ಗುಜರಿಯೇ. ಗುಜರಿಗೆ ಹಾಕುವ ಮುಂಚೆ ಅದನ್ನು ಕತ್ತರಿಸಿಯೋ ಜಜ್ಜಿಯೋ ವಿರೂಪ ಮಾಡಬೇಕು ಅಂತಲೂ ವಿಮಾನಯಾನದಲ್ಲಿ ಹೇಳುತ್ತಾರೆ, ಯಾರೂ ಪಾಲಿಶ್ ಹೊಡೆದು ವಾಪಸ್ ತರಬಾರದು ಅಂತ.

ಹಾಗಾಗಿ ಅಸಲಿ ಅನ್ನೋದು ಬರೀ ವಸ್ತುವಿನ ಗುಣವಲ್ಲ ಅಂತ ನನಗನ್ನಿಸುತ್ತದೆ. ತನ್ನ ಚರಿತ್ರೆಯನ್ನು ನಿಜವಾಗಿ ಹೇಳಿಕೊಂಡು ಬಂದದ್ದು ಅಸಲಿ. ಅಣ್ಣನ ರಿಪೇರಿಯಾದ ಸೆಲ್ಫ್ ಈ ಅರ್ಥದಲ್ಲಿ ಅಸಲಿ. ಕಂಪನಿ ಡಬ್ಬಿಯಲ್ಲಿ ಬಂದ ಲೋಕಲ್ ಮಾಲು ಅಲ್ಲ. ಮತ್ತು ವಸ್ತು ಎಷ್ಟು ಮೂಕವಾಗಿದೆಯೋ ಕಾಗದದ ಮೇಲೆ ಅಷ್ಟೇ ಭಾರ ಬೀಳುತ್ತದೆ.

ಆ ಕಾಗದವೇ ಸುಳ್ಳಾದರೆ? 2023ರಲ್ಲಿ ಆಗಿದ್ದು ಅದೇ. ಸಿಎಫ್‌ಎಂ56 ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಜೆಟ್ ಎಂಜಿನ್‌ಗಳಲ್ಲೊಂದು, ಬೋಯಿಂಗ್ 737, ಏರ್‌ಬಸ್ ಎ320ಗಳಲ್ಲಿ ಇರುವಂಥದ್ದು. ಅದರ ಬಿಡಿಭಾಗಗಳನ್ನು ಲಂಡನ್ನಿನ ಎಒಜಿ ಟೆಕ್ನಿಕ್ಸ್ ಎಂಬ ಕಂಪನಿ ನಕಲಿ ದಾಖಲೆಗಳ ಜೊತೆ ಮಾರಿದ್ದು ಹೊರಬಿತ್ತು. ಪೋರ್ಚುಗಲ್ಲಿನ ಟ್ಯಾಪ್ ಸಂಸ್ಥೆಯ ನಿರ್ವಹಣಾ ವಿಭಾಗದವರಿಗೆ ಅನುಮಾನ ಬಂದದ್ದು ಒಂದು ಸಣ್ಣ ಭಾಗದ ಮೇಲೆ. ಕಾಗದ ‘ಹೊಸದು’ ಅನ್ನುತ್ತಿತ್ತು, ವಸ್ತು ಹಳೆಯದರಂತೆ ಕಾಣುತ್ತಿತ್ತು. ತಯಾರಕರನ್ನು ಕೇಳಿದರೆ ಈ ಪತ್ರ ನಮ್ಮದಲ್ಲ ಅಂದರು. ಆಮೇಲೆ ಹಲವು ದೇಶಗಳ ವಿಮಾನ ಸಂಸ್ಥೆಗಳು ತಮ್ಮ ದಾಖಲೆ ತೆಗೆದು ಹುಡುಕಬೇಕಾಯಿತು. ನೂರಕ್ಕೂ ಹೆಚ್ಚು ಎಂಜಿನ್ನುಗಳ ಹೆಸರು ಬಂತು. ಆ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನ ಸೀರಿಯಸ್ ಫ್ರಾಡ್ ಆಫೀಸ್ ತನಿಖೆ ಶುರು ಮಾಡಿತು.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಅಂಥ ಭಾಗ ಇದ್ದ ವಿಮಾನದಲ್ಲಿ ಒಬ್ಬ ಕೂತ, ಹಾರಿದ, ಸುರಕ್ಷಿತವಾಗಿ ಇಳಿದ, ಟ್ಯಾಕ್ಸಿ ಹಿಡಿದು ಮನೆಗೆ ಹೋದ. ಅವನಿಗೆ ಏನಾದರೂ ಅನ್ಯಾಯ ಆಯಿತಾ? ಫಲಿತಾಂಶ ಮಾತ್ರ ನೋಡುವವರು ಇಲ್ಲ ಅನ್ನಬಹುದು. ನಾನು ಆಯಿತು ಅನ್ನುತ್ತೇನೆ. ವಿಮಾನದೊಳಗೆ ಕೂತವನಿಗೆ ಸೀಟ್ ಬೆಲ್ಟ್ ಬಿಟ್ಟರೆ ಪ್ರಾಣ ಕಾಯುವ ಬೇರೆ ಯಾವ ಭಾಗವನ್ನೂ ಮುಟ್ಟಿ ನೋಡಲು ಆಗೋದಿಲ್ಲ. ‘ಲೋಕಲ್ಲಾ, ಒರಿಜಿನಲ್ಲಾ’ ಅಂತ ಕೇಳುವ ಕೌಂಟರ್ ಅಲ್ಲಿಲ್ಲ. ತನಗೆ ಗೊತ್ತಿಲ್ಲದ ಹತ್ತಾರು ಜನ ತಮ್ಮ ಸಹಿ ನಿಜ ಮಾಡಿದ್ದಾರೆ ಎಂಬ ಒಂದೇ ನಂಬಿಕೆಯ ಮೇಲೆ ಅವನು ಕಣ್ಣುಮುಚ್ಚಿ ನಿದ್ದೆ ಮಾಡುತ್ತಿದ್ದಾನೆ. ಆ ನಂಬಿಕೆಯನ್ನು ಅವನಿಗೆ ಗೊತ್ತಿಲ್ಲದಂತೆ ಯಾರೋ ಖರ್ಚು ಮಾಡಿದರು. ಏನೂ ಆಗಲಿಲ್ಲ ಅನ್ನೋದು ಅವನ ಅದೃಷ್ಟ, ಅದು ಕಾಗದ ತಿದ್ದಿದವನ ಸದ್ಗುಣವಾಗೋದಿಲ್ಲ.

ಅದೃಷ್ಟ ಇಲ್ಲದ ದಿನವೂ ಇದೆ. 1989ರ ಸೆಪ್ಟೆಂಬರ್ 8ರಂದು ಓಸ್ಲೋದಿಂದ ಹ್ಯಾಂಬರ್ಗಿಗೆ ಹೊರಟಿದ್ದ ಪಾರ್ಟ್‌ನೇರ್ 394, ಡೆನ್ಮಾರ್ಕಿನ ಹಿರ್ಟ್ಸ್‌ಹಾಲ್ಸ್ ಊರಿನ ಆಚೆ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 55 ಜನರೂ ಸತ್ತರು. ಹೆಚ್ಚಿನವರು ಒಂದೇ ಹಡಗು ಕಂಪನಿಯ ಉದ್ಯೋಗಿಗಳು, ಹೊಸ ಹಡಗೊಂದರ ಸಮಾರಂಭಕ್ಕೆ ಹೊರಟವರು. ವಿಮಾನ 36 ವರ್ಷ ಹಳೆಯ ಕಾನ್ವೇರ್ 580. ಬಾಲದ ನೆಟ್ಟಗಿನ ರೆಕ್ಕೆಯನ್ನು ಮೈಗೆ ಹಿಡಿದಿಟ್ಟಿದ್ದ ಪಿನ್ನುಗಳಲ್ಲಿ ಕೆಲವು ಸರಿಯಾದ ಗುಣಮಟ್ಟದವಾಗಿರಲಿಲ್ಲ ಅಂತ ನಾರ್ವೆಯ ತನಿಖಾಧಿಕಾರಿಗಳು ಕಂಡುಕೊಂಡರು. ಅವು ಸವೆದು ಸಡಿಲವಾಗಿ ಬಾಲವೇ ಅದುರಲು ಶುರುವಾಗಿತ್ತು. ಜನರೇಟರ್ ಒಂದು ಕೆಟ್ಟಿದ್ದರಿಂದ ಅವತ್ತು ಹಾರಾಟದಲ್ಲೂ ಬಾಲದಲ್ಲಿನ ಎಪಿಯು ಓಡುತ್ತಿತ್ತು; ಅದರ ಅದುರುವಿಕೆಯೂ ಸೇರಿಕೊಂಡಿತು.

ಈ ಪಿನ್ನುಗಳ ಕಥೆ ಓದಿದ ಮೇಲೆ ಅಣ್ಣನ ಸೂತ್ರಕ್ಕೂ ಒಂದು ತಿದ್ದುಪಡಿ ಬೇಕು ಅನ್ನಿಸಿತು. ಯಾವ ಭಾಗ ಕೆಟ್ಟರೆ ಯಾರಿಗೆ ತೊಂದರೆ ಅಂತ ಬಳಸುವವನಿಗೆ ಗೊತ್ತಿರಬಹುದು, ಮಾಡುವವನಿಗೆ ಗೊತ್ತಿರೋದಿಲ್ಲ. ಸೆಲ್ಫ್ ಕೆಟ್ಟರೆ ದಿಬ್ಬ ಇದೆ ಅನ್ನೋದು ಟ್ರ್ಯಾಕ್ಟರಿನ ಮಟ್ಟಿಗೆ ನಿಜ. ಅದೇ ಸೆಲ್ಫ್ ನಡುರಾತ್ರಿ ಆಂಬುಲೆನ್ಸಿನಲ್ಲಿ ಕೆಟ್ಟರೆ? ಒಂದು ಪಿನ್ನನ್ನು ಕಡಿಯುವವನಿಗೆ ಅದು ಗೇಟಿಗೆ ಹೋಗುತ್ತದೋ, ವಿಮಾನದ ಬಾಲಕ್ಕೆ ಹೋಗುತ್ತದೋ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ಅವನ ಮೇಲೆ ಒಂದು ಕರ್ತವ್ಯ ಬೀಳುತ್ತದೆ: ಇದು ಏನು, ಏನಲ್ಲ, ಎಷ್ಟು ತಡೆಯುತ್ತದೆ ಅನ್ನುವ ಮಾತು ಪಿನ್ನಿನ ಜೊತೆಗೇ ಕೊನೆಯವರೆಗೂ ಹೋಗುವ ಹಾಗೆ ನೋಡಿಕೊಳ್ಳೋದು. ಕೆಳದರ್ಜೆಯ ಪಿನ್ನು ಮಾಡಿದ್ದು ಪಾಪವಲ್ಲ. ಗೇಟಿಗೆ ಅದು ಸಾಕು. ಅದರ ದರ್ಜೆಯನ್ನು ಅಳಿಸಿದ ಕೈ ಯಾವುದೋ, ಪಾಪ ಅಲ್ಲಿದೆ.

ಸಾಫ್ಟ್‌ವೇರಿನಲ್ಲಿ ಇರುವ ನನ್ನಂಥವರಿಗೆ ಇದು ದೂರದ ಮಾತಲ್ಲ. ನಾವು ಬರೆಯುವ ಪ್ರತಿ ಪ್ರೋಗ್ರಾಮಿನ ಒಳಗೂ ಬೇರೆಯವರು ಮಾಡಿದ ನೂರಾರು ಬಿಡಿಭಾಗಗಳಿವೆ. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಿತು. ಅದನ್ನು ಇಟ್ಟವನು ಎರಡು ವರ್ಷ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಅದರ ಉಸ್ತುವಾರಿಯಲ್ಲೊಬ್ಬನಾಗಿದ್ದ. ಬಿಡುಗಡೆಯ ಸಹಿ ಕ್ರಮಬದ್ಧವಾಗೇ ಇತ್ತು. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಅದೂ ಲಾಗಿನ್ ಆಗೋದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ, ಯಾಕೆ ಅಂತ ಬೆನ್ನು ಹತ್ತಿ. ಪೋರ್ಚುಗಲ್ಲಿನಲ್ಲೂ ಇದೇ ಆಗಿದ್ದು. ಕಾಗದ ಸರಿ ಇತ್ತು, ವಸ್ತು ಬೇರೆ ಏನೋ ಹೇಳುತ್ತಿತ್ತು, ಎರಡನ್ನೂ ಒಟ್ಟಿಗೆ ನೋಡಿದ ಒಬ್ಬ ಮನುಷ್ಯನಿಗೆ ಸುಮ್ಮನಿರಲು ಆಗಲಿಲ್ಲ.

ಹಳ್ಳಿಯಲ್ಲಿ ಮುಖ ನೋಡಿ ನಂಬುತ್ತಾರೆ, ಪಟ್ಟಣದಲ್ಲಿ ಕಾಗದ ನೋಡಿ ನಂಬುತ್ತಾರೆ, ಮೊದಲನೆಯದು ಹಳತು, ಎರಡನೆಯದು ಮುಂದುವರಿದದ್ದು ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಮುಖ ನೋಡಿ ನಂಬೋದು ವೈಂಡಿಂಗ್ ಅಂಗಡಿಯಿಂದ ಆಚೆ ಹತ್ತು ಮೈಲಿ ಹೋಗೋದಿಲ್ಲ. ಟರ್ಬೈನ್ ಡಿಸ್ಕು ಖಂಡಗಳನ್ನು ದಾಟುತ್ತದೆ, ಅದಕ್ಕೆ ಕಾಗದವೇ ಬೇಕು. ಆದರೆ ಕಾಗದದ ಕೊನೆಯಲ್ಲಿ ಇರೋದೂ ಒಂದು ಸಹಿ, ಸಹಿಯ ಹಿಂದೆ ಒಬ್ಬ ಮನುಷ್ಯ. ವಿಮಾನದ ಕೆಲಸ ಮುಗಿದ ಮೇಲೆ ಲೈಸೆನ್ಸ್ ಪಡೆದ ಎಂಜಿನಿಯರೊಬ್ಬ ತನ್ನ ಹೆಸರಿನಲ್ಲಿ ಸಹಿ ಮಾಡಿದರೇ ಅದು ಹೊರಡೋದು. ಆ ಸಹಿ ಹೇಳೋದು, ಪೊಟ್ಟಣ ಕೈಗಿಡುವ ಯಜಮಾನರು ಹೇಳುವ ಮಾತನ್ನೇ: ‘ನಾನು ನೋಡಿದ್ದೀನಿ.’ ನೋಡದೆ ಮಾಡಿದ ಸಹಿಗೂ ನಾಲ್ಕನೇ ತರಹದ ಡಬ್ಬಿಗೂ ದೊಡ್ಡ ವ್ಯತ್ಯಾಸ ಇಲ್ಲ. ಮೇಲೆ ಒಳ್ಳೆಯ ಹೆಸರು, ಒಳಗೆ ಏನಿದೆಯೋ ದೇವರೇ ಬಲ್ಲ. ಶುಕ್ರವಾರ ಸಂಜೆ ಏಳಕ್ಕೆ, ಎಂಟುನೂರು ಸಾಲಿನ ಕೋಡ್ ಮುಂದೆ ಬಂದಾಗ, ಕಳಿಸಿದವನು ಗೆಳೆಯ ಅನ್ನೋ ಕಾರಣಕ್ಕೆ ಕ್ಯಾಬ್ ಕಾಯುತ್ತಾ ಮೊಬೈಲಿನಲ್ಲೇ ‘ಅಪ್ರೂವ್ಡ್’ ಒತ್ತುವ ಸಂಸ್ಕೃತಿ ನಮ್ಮಲ್ಲಿದೆ. ಆ ಕೋಡು ಆಟಕ್ಕೆ ಹೋಗುತ್ತದೋ, ಆಸ್ಪತ್ರೆಗೆ ಹೋಗುತ್ತದೋ ಪಿನ್ನು ಕಡಿದವನಿಗೆ ಗೊತ್ತಿಲ್ಲದ ಹಾಗೆ ನಮಗೂ ಗೊತ್ತಿಲ್ಲ.

ಎಲ್ಲವನ್ನೂ ನೋಡಲು ಯಾರಿಂದಲೂ ಆಗೋದಿಲ್ಲ, ಅದು ನಿಜ. ಬ್ರಶ್ ಮಾಡಿದವನ ಫ್ಯಾಕ್ಟರಿಗೆ ಹೋಗಿ ನೋಡಿ ಬನ್ನಿ ಅಂತ ವೈಂಡಿಂಗ್ ಅಂಗಡಿಯವರಿಗೆ ಹೇಳೋದು ಮೂರ್ಖತನ. ನಂಬದೆ ಬದುಕಲಾಗದು. ಆದರೆ ನಾನು ನೋಡಿದ್ದು ಇಷ್ಟು, ನಂಬಿದ್ದು ಇಷ್ಟು ಅಂತ ಎರಡನ್ನೂ ಬೇರೆ ಬೇರೆ ಹೇಳಬಹುದು. ‘ಲಾಜಿಕ್ ನೋಡಿದೆ, ಸೆಕ್ಯುರಿಟಿ ಭಾಗ ನನಗೆ ತಿಳಿಯದು, ತಿಳಿದವರಿಗೆ ತೋರಿಸಿ’ ಅಂತ ರಿವ್ಯೂನಲ್ಲಿ ಬರೆದರೆ ಒಂದು ಸಾಲು ಹೆಚ್ಚು, ಅಷ್ಟೇ. ಮನೆಯಲ್ಲಿ ಮಾಡಬಹುದಾದ್ದೂ ಇದೆ. ಒರಿಜಿನಲ್ ಭಾಗದ ಡಬ್ಬಿಯನ್ನು ಹರಿದು, ಆಯಿಲ್ ಕ್ಯಾನಿಗೆ ತೂತು ಮಾಡಿ ಬಿಸಾಡಿ, ಇನ್ನೊಬ್ಬ ಅದರಲ್ಲಿ ಬೇರೇನೋ ತುಂಬಿ ಮಾರದ ಹಾಗೆ. ಸರ್ವಿಸಿಗೆ ಬಿಟ್ಟಾಗ ಹಳೆಯ ಭಾಗ ವಾಪಸ್ ಕೇಳಿ. ದುಡ್ಡು ಉಳಿಸಲೇಬೇಕಾದರೆ, ಕೆಟ್ಟರೆ ಬರೀ ನಿಮಗೇ ತೊಂದರೆಯಾಗುವ ಕಡೆ ಉಳಿಸಿ.

ಅಣ್ಣ ಹೋದ ತಿಂಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದ. ರಾತ್ರಿ ತೆಗೆದದ್ದು. ಕತ್ತಲೆಯಲ್ಲಿ ಟ್ರೈಲರ್ ಕಾಣಿಸೋದೇ ಇಲ್ಲ, ಹಿಂದೆ ಅಂಟಿಸಿದ ಎರಡು ಕೆಂಪು ಪಟ್ಟಿಗಳು ಮಾತ್ರ ಮೊಬೈಲಿನ ಫ್ಲ್ಯಾಶಿಗೆ ಹೊಳೆಯುತ್ತಿದ್ದವು. ಒರಿಜಿನಲ್ಲಾ ಲೋಕಲ್ಲಾ ಅಂತ ಕೇಳಿದೆ. ‘ಇನ್ನೊಂದ್ ಸಲ ಲೈಟ್ ಬಿಟ್ಟು ನೋಡ್ತೀನಿ ತಡಿ’ ಅಂದ.